ಮೂರು ಗಂಟೆಯ ನೆರಳು

ಇಪ್ಪತ್ತೆರಡು ವರ್ಷ ಅಪ್ಪ ಶ್ರೀರಂಗಪಟ್ಟಣಕ್ಕೆ
ವಾರಕ್ಕೆ ನಾಲ್ಕು ಸಲ, ದಸರೆಯಲ್ಲಿ ದಿನಕ್ಕೆರಡು ಸಲ
ಹೋಗಿ ಬಂದಿದ್ದಾನೆ.
ಒಳಗೆ ಏನಿದೆಯೆಂದು ನೋಡಿಲ್ಲ.

ಇದು ನಮಗೆ ಗೊತ್ತಾದದ್ದು ಆ ಸೋಮವಾರ,
ಬುಕಿಂಗ್ ಕ್ಯಾನ್ಸಲ್ ಆಗಿ,
ಡೀಸೆಲ್ ಹೇಗೂ ತುಂಬಿಸಿದ್ದೀರಲ್ಲ ಎಂದು ಅಮ್ಮ ಹಟ ಹಿಡಿದು
ನಾವೆಲ್ಲ ಗಾಡಿ ಹತ್ತಿದ ಮೇಲೆ.

ಮುಂದಿನ ಸೀಟಿಗೆ ಅಜ್ಜಿ ನಿಂಗಾಜಮ್ಮ.
ಬೆಲ್ಟ್ ಬಿಗಿದರೆ,
"ಕಟ್ಟಾಕ್ತೀಯಲ್ಲಾ, ನಾನೇನ್ ಓಡೋಯ್ತೀನಾ?"
ಹಿಂದೆ ಅಮ್ಮ, ತೊಡೆಯ ಮೇಲೆ ಚಿತ್ರಾನ್ನದ ಡಬರಿ,
ನಾನು, ತಮ್ಮ ಭರತೇಶ,
ಸೀಟಿನ ಸಂದಿಯಲ್ಲಿ ಯಾರೋ ಬಿಟ್ಟುಹೋದ ಒಂಟಿ ಓಲೆ.

ಅಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ:
"ಏಸಿ ಹಾಕ್ಲಾ ಮೇಡಂ?"
ಬಾಯಿ ತಪ್ಪಿ ಬಂದದ್ದು.
ಅಮ್ಮ ನಕ್ಕಳು, ನಕ್ಕು ಮುಗಿಸಿ
"ಹಾಕಿ" ಅಂದಳು.

ಹೆದ್ದಾರಿ ಬಿಟ್ಟು ಬೆಳಗೊಳದ ದಾರಿ ಹಿಡಿದ.
"ಗಿರಾಕಿಗಳಿಗೆ ಇದ್ನ ತೋರ್ಸಕ್ಕಾಗಲ್ಲ, ಟೈಮಿರಲ್ಲ."
ನಾಲೆಯ ಏರಿ. ನಾಟಿಗೆ ಹದ ಮಾಡಿದ ಗದ್ದೆಯೊಳಗೆ
ಬದು ಹಾಕಿ ಪಾಲು ಮಾಡಿದ ಆಕಾಶ.
ಬೆಳ್ಳಕ್ಕಿಯೊಂದು ಮೋಡವನ್ನು ತುಳಿದು
ಕಾಲು ಕೊಡವಿಕೊಂಡಿತು.
ಆಲೆಮನೆಯ ಹೊಗೆ ಮುಚ್ಚಿದ ಗಾಜನ್ನೂ ದಾಟಿ
ನಾಲಿಗೆಗೆ ಅಂಟಿತು.
ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎರಡು ಮೈಲಿ
ಒಂದು ಹಾರನ್ನೂ ಇಲ್ಲದೆ ಹೋದೆವು;
ಅದು ನಿಂತ ಕಡೆ ಭರತೇಶ ಇಳಿದು ಜಲ್ಲೆ ಎಳೆದದ್ದು
ಅಪ್ಪನಿಗೆ ಕಂಡೂ ಕಾಣಲಿಲ್ಲ.

ಪಟ್ಟಣದಲ್ಲಿ ಅವನಿಗೆ ಎಲ್ಲರೂ ಗೊತ್ತು.
"ಏನಣ್ಣ, ಇವತ್ ಯಾವೂರ್ ಪಾರ್ಟಿ?"
ಎಳನೀರಿನವನು ಕೇಳಿದರೆ
"ನಮ್ಮೂರ್ದೇ ಕನಪ್ಪ" ಅಂದು ನಾಚಿದ.
ಆಮೇಲೆ ನಮಗೆ ಊರು ತೋರಿಸಿದ:
ಹನ್ನೊಂದರ ತನಕ ಈ ಬೇವಿನ ನೆರಳು,
ಮೂರಕ್ಕೆ ಆ ಹುಣಸೆಯದು ಗೋಡೆ ದಾಟಿ ಬರುತ್ತೆ.
ಈ ನಲ್ಲಿಯ ನೀರು ಕುಡಿಯಬಹುದು.
ಟೀ ಅಲ್ಲಿ. ಇಸ್ಪೀಟು ಆ ಆಟೋಗಳ ಹಿಂದೆ.
ಸುಲ್ತಾನ ಎಲ್ಲಿ ಬಿದ್ದನೆಂದು ಭರತೇಶ ಕೇಳಿದಾಗ
"ಆ ಕಡೆ ಎಲ್ಲೋ ಇರ್ಬೇಕು,
ಹೋದೋರೆಲ್ಲ ಇಪ್ಪತ್ತು ನಿಮಿಷದಲ್ಲಿ ವಾಪಸ್ ಬತ್ತಾರೆ."

ಬೇಸಿಗೆ ಅರಮನೆಯ ಗೇಟಿನಲ್ಲಿ
ಅಪ್ಪನ ಬಿಳಿ ಅಂಗಿ ನೋಡಿ ಕಾವಲಿನವ
"ಡ್ರೈವರ್ ಈ ಕಡೆ ಕೂತ್ಕೊಳಿ" ಎಂದ.
ಅಪ್ಪ ತಿರುಗಿಯೇಬಿಟ್ಟಿದ್ದ.
ಅಮ್ಮ ಅವನ ಮೊಣಕೈ ಹಿಡಿದಳು. ಬೀದಿಯಲ್ಲಿ
ಅವಳು ಹಾಗೆ ಹಿಡಿದದ್ದು ನಾನು ನೋಡಿದ್ದು ಅದೇ ಮೊದಲು.
ಐದು ಟಿಕೆಟ್ ಕೊಡಿ, ಅಂದಳು.

ಗೋಡೆ ತುಂಬ ಯುದ್ಧ. ಆನೆ, ಕುದುರೆ, ಪಲ್ಲಕ್ಕಿ,
ಸಾಲು ಸಾಲು ಒಂದೇ ಥರದ ಮೀಸೆ.
ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ,
ಬಿಡಬೇಕೆಂದು ಯಾರೂ ಹೇಳಿರಲಿಲ್ಲ.
"ಇವ್ರೆಲ್ಲ ಇಳಿದು ಒಳಗೋದಾಗ
ಇಷ್ಟು ಕುದುರೆ ಯಾರು ನೋಡ್ಕೊಂಡಿದ್ರು?"
ಗೈಡು ಕೇಳಿಸದವನಂತೆ ಮುಂದೆ ಹೋದ.
ಅಪ್ಪ ಗೋಡೆಯ ಕೆಳಗಿನ ಸಾಲಿನಲ್ಲಿ
ತುಂಬ ಹೊತ್ತು ಹುಡುಕಿದ.

ಸೆರೆಮನೆಯ ಹೊತ್ತಿಗೆ ಅಜ್ಜಿಯ ಮಂಡಿ ಸೋತಿತು.
ನಾನು ಅವಳೊಂದಿಗೆ ಗಾಡಿಯಲ್ಲೇ ಉಳಿದೆ.
ಒಳಗಿನ ಕಲ್ಲುಗಳಲ್ಲಿ ಕೈ ಕಟ್ಟಲು ತೂತುಗಳಿವೆ,
ಅಪ್ಪ ಸ್ಟೇರಿಂಗ್ ಹಿಡಿದಂತೆ ಎರಡೂ ಕೈ ಅಲ್ಲಿಟ್ಟು
ತಟ್ಟನೆ ತೆಗೆದನೆಂದು ಭರತೇಶ ಆಮೇಲೆ ಹೇಳಿದ.
ನಾನು ನೋಡಿಲ್ಲ.

ನಾನು ನೋಡಿದ್ದು ಇಷ್ಟು:
ಡ್ಯಾಶ್‌ಬೋರ್ಡಿನ ಮಾದಪ್ಪನ ಮೇಲೆ ಬಿಸಿಲು.
ಬಾಯಿ ತೆರೆದು ಮಲಗಿದ ಅಜ್ಜಿ.
ಬಾಗಿಲ ಸಂದಿಯಲ್ಲಿ ಹಳೆ ಪೇಪರು, ಮಡಚಿ ಮಡಚಿ ಬಟ್ಟೆಯಾದದ್ದು,
ಪದಬಂಧ ತುಂಬಿ ಮೂರು ಮನೆ ಮಾತ್ರ ಖಾಲಿ.
ಹುಣಸೆಯ ನೆರಳು ಗೋಡೆ ಹತ್ತಿ, ಇಳಿದು,
ಬಾನೆಟ್ಟಿನ ತನಕ ಬಂದು
ಹೇಳಿದ ಹಾಗೆ ಮೂರಕ್ಕೆ ಸರಿಯಾಗಿ
ನನ್ನ ಪಾದ ಮುಟ್ಟಿತು.

ಆಗ ಅವರು ಬಂದರು, ಬೆವತು, ಮಾತಾಡುತ್ತ,
ನೋಡಿ ಬಂದವರೆಲ್ಲ ಬರುವ ಹಾಗೆಯೇ.
ಅಪ್ಪ ಕಿಟಕಿಗೆ ಬಗ್ಗಿದ.
"ಬಾಳ ಹೊತ್ತಾಯ್ತೇನವ್ವ, ಕಾದು?"
ಇಲ್ಲ ಅಂದೆ. ಅವನು ನಂಬಲಿಲ್ಲ,
ನನಗೆ ಮೊದಲು ನೀರು ಕೊಟ್ಟ.

ರಾತ್ರಿ ಗಾಡಿ ನಿಲ್ಲಿಸಿ ಟ್ರಿಪ್ ಶೀಟ್ ಬರೆದ.
ಹೊರಟ ಕಿಲೋಮೀಟರು, ಬಂದ ಕಿಲೋಮೀಟರು.
ಪಾರ್ಟಿ ಹೆಸರು ಎಂಬಲ್ಲಿ ಪೆನ್ನು ತಡೆಯಿತು.
ಅಮ್ಮ ಒಳಗಿನಿಂದ ಕೂಗಿದಳು, ಡಬರಿ ತರೋದು ಮರೆತೆ ಅಂತ.
ಹೋದ.
ಶೀಟು ಸೀಟಿನ ಮೇಲೆ ಹಾಗೇ ಇತ್ತು,
ಒಂಟಿ ಓಲೆಯ ಪಕ್ಕ.